ಹುಂಜಕ್ಕೊಂದು ಲೆಕ್ಕದ ಪುಸ್ತಕ

ಕೋಳಿ ಪ್ರದರ್ಶನದ ಕಂಬಿಗೂಡಿನ ಬಾಗಿಲಲ್ಲಿ ಅಂಗೈಯಗಲದ ಒಂದು ರಟ್ಟಿನ ಚೀಟಿ ತೂಗುತ್ತಿರುತ್ತದೆ. ಗೂಡಿನ ಸಂಖ್ಯೆ, ತಳಿ, ಬಣ್ಣ, ಹುಂಜವೋ ಹೇಂಟೆಯೋ, ಕಾಲುಂಗುರದ ಸಂಖ್ಯೆ, ಇಷ್ಟು ಅದರ ಮೇಲೆ ಇರುತ್ತವೆ. ಅನೇಕ ಕಡೆ ಒಡೆಯರ ಹೆಸರನ್ನು ತೀರ್ಪು ಮುಗಿಯುವವರೆಗೆ ಚೀಟಿಯ ಮಡಿಕೆಯೊಳಗೆ ಮುಚ್ಚಿಟ್ಟಿರುತ್ತಾರೆ. ಬಿಳಿ ಕೋಟು ತೊಟ್ಟ ತೀರ್ಪುಗಾರರು ಬರುತ್ತಾರೆ. ಹಕ್ಕಿಯನ್ನು ತಲೆ ಮುಂದಾಗಿ ಹೊರತೆಗೆದು ಎದೆಮೂಳೆ ಸವರುತ್ತಾರೆ, ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ಗರಿ ಎಣಿಸುತ್ತಾರೆ, ಕಣ್ಣು, ಜುಟ್ಟು, ಕಾಲಿನ ಬಣ್ಣ ನೋಡಿ ಮತ್ತೆ ಗೂಡಿಗೆ ಬಿಡುತ್ತಾರೆ. ಹಿಂದೆಯೇ ನಿಂತ ಗುಮಾಸ್ತೆ ತನ್ನ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಅಂಕಿ ಬೀಳುತ್ತದೆ: 3. ಅದರ ಪಕ್ಕದಲ್ಲಿ ಗೀಚಿದಂತೆ ಎರಡು ಪದ: ಬಾಲ ತಗ್ಗು.

ಅಮೆರಿಕದ ಕೋಳಿ ಪ್ರದರ್ಶನಗಳಲ್ಲಿ ವಾರಾಂತ್ಯದ ಕೊನೆಗೆ ಹಕ್ಕಿಗಳನ್ನು ಬಿಡುಗಡೆ ಮಾಡುವ ಹೊತ್ತು ಬಂದಾಗ ಇಡೀ ಸಭಾಂಗಣ ಒಮ್ಮೆಲೇ ಎದ್ದು ನಿಲ್ಲುತ್ತದೆ. ದೂರದ ದಾರಿ ಕಾದಿರುತ್ತದೆ, ಕತ್ತಲಾಗುವ ಮೊದಲು ಹೊರಡಬೇಕು. ಹಕ್ಕಿಗಳು ಪೆಟ್ಟಿಗೆ ಸೇರುತ್ತವೆ, ಬಹುಮಾನದ ರಿಬ್ಬನ್ನು ಜೇಬು ಸೇರುತ್ತದೆ, ಪೆನ್ಸಿಲ್ಲಿನ ಆ ಎರಡು ಪದಗಳಿದ್ದ ಚೀಟಿ ಎಷ್ಟೋ ಸಲ ಮರದ ಹೊಟ್ಟಿನ ಮೇಲೆ ಬಿದ್ದು ಕಾಲಡಿಗೆ ಸಿಗುತ್ತದೆ. ಆ ಎರಡು ದಿನಗಳಲ್ಲಿ ಸಿಕ್ಕ ಅತಿ ಬೆಲೆಬಾಳುವ ವಸ್ತು ಅದೇ ಆಗಿತ್ತು. ರಿಬ್ಬನ್ನು ಗೆದ್ದದ್ದನ್ನಷ್ಟೇ ಹೇಳುತ್ತದೆ. ಮುಂದಿನ ವಸಂತದಲ್ಲಿ ಯಾವ ಹುಂಜಕ್ಕೆ ಯಾವ ಹೇಂಟೆ ಕೂಡಿಸಬೇಕು ಎಂಬುದನ್ನು ಚೀಟಿ ಹೇಳುತ್ತದೆ.

ಕೋಳಿಗಳನ್ನು ಸಾಲಾಗಿ ಗೂಡಿನಲ್ಲಿಟ್ಟು ಅಂದಚೆಂದಕ್ಕೆ ಬಹುಮಾನ ಕೊಡುವ ಪದ್ಧತಿ ತೀರಾ ಹಳೆಯದೇನಲ್ಲ. ಇಂಗ್ಲೆಂಡಿನಲ್ಲಿ 1835ರ ಕಾಯ್ದೆ ಕೋಳಿ ಅಂಕವನ್ನು ನಿಷೇಧಿಸಿತು. ಹುಂಜ ಸಾಕುವ ಹುಚ್ಚು ಕಾಯ್ದೆಯಿಂದ ಇಂಗುವಂಥದ್ದಲ್ಲ, ಅದು ಕಣದಿಂದ ಪ್ರದರ್ಶನದ ಮೇಜಿಗೆ ಬಂತು. 1845ರಲ್ಲಿ ಲಂಡನ್ನಿನ ಮೃಗಾಲಯದ ಆವರಣದಲ್ಲಿ ಕೋಳಿ ಪ್ರದರ್ಶನ ನಡೆಯಿತು. ನಾಲ್ಕು ವರ್ಷ ಕಳೆದು, 1849ರ ನವೆಂಬರಿನಲ್ಲಿ, ಬಾಸ್ಟನ್ನಿನ ಸಾರ್ವಜನಿಕ ಉದ್ಯಾನದಲ್ಲಿ ಅಮೆರಿಕದ ಮೊದಲ ದೊಡ್ಡ ಪ್ರದರ್ಶನ ಸೇರಿತು. ಜನ ಹತ್ತು ಸಾವಿರ ದಾಟಿದರು. ಚೀನಾದಿಂದ ಹಡಗಿನಲ್ಲಿ ಬಂದ ಭಾರೀ ಕೋಳಿಗಳನ್ನು ಕಂಡು ಎರಡೂ ದೇಶಗಳಿಗೆ ಜ್ವರ ಹಿಡಿದಂತಾಯಿತು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ಕೋಳಿ ವ್ಯಾಪಾರಿ 1855ರಲ್ಲಿ ಆ ಕಾಲದ ಕಥೆಯನ್ನು ಪುಸ್ತಕ ಮಾಡಿದಾಗ ಅದನ್ನು 'ಕೋಳಿ ಜ್ವರದ ಇತಿಹಾಸ' ಎಂದೇ ಕರೆದ.

ಇದೇ ಬರ್ನ್‌ಹ್ಯಾಮ್ 1852ರಲ್ಲಿ ವಿಕ್ಟೋರಿಯಾ ರಾಣಿಗೆ ಬೂದು ಬಣ್ಣದ ದೈತ್ಯ ಕೋಳಿಗಳನ್ನು ಉಡುಗೊರೆಯಾಗಿ ಕಳಿಸಿ ಹೆಸರು ಮಾಡಿದ. ಅವೇ ಮುಂದೆ 'ಬ್ರಹ್ಮ' ಎನಿಸಿಕೊಂಡವು. ನಮ್ಮ ಬ್ರಹ್ಮಪುತ್ರದ ಹೆಸರು ಮೊಟಕಾಗಿ ಬಾಸ್ಟನ್ನಿನ ಕೋಳಿಗೆ ಅಂಟಿಕೊಂಡಿತು. ಆದರೆ ಆ ಕೋಳಿಯ ಹುಟ್ಟು ಎಲ್ಲಿಯದು? ಶಾಂಘೈ ಬಂದರಿನದೇ, ಚಿತ್ತಗಾಂಗಿನ ಬೂದು ಕೋಳಿಯ ರಕ್ತವೂ ಬೆರೆತಿತ್ತೇ, ಮೊದಲ ಜೋಡಿ ಯಾರ ಮನೆಯಲ್ಲಿತ್ತು? ಈ ಬಗ್ಗೆ ಸಾಕಿ ಬೆಳೆಸಿದವರು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಜಗಳವಾಡಿದರು. ಯಾವ ಹುಂಜ, ಯಾವ ಹೇಂಟೆ, ಯಾವ ತಿಂಗಳ ಪಿಳ್ಳೆಗಳು ಎಂದು ಆಗಲೇ ನಾಲ್ಕು ಸಾಲು ಬರೆದಿಟ್ಟಿದ್ದರೆ ಮುಗಿದುಹೋಗುವ ಮಾತಾಗಿತ್ತು. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಪ್ರದರ್ಶನಕ್ಕಿಡುವ ಈ ತಳಿಯ ಮೂಲ ಈಗಲೂ ವಾದದ ವಸ್ತುವಾಗಿಯೇ ಉಳಿದಿದೆ.

ತೀರ್ಪಿಗೂ ಒಂದು ಅಳತೆಗೋಲು ಬೇಕಾಯಿತು. ಬ್ರಿಟನ್ನಿನಲ್ಲಿ 1865ರಲ್ಲಿ ತಳಿಗಳ ಲಕ್ಷಣ ಹೇಳುವ ಮೊದಲ ಮಾನದಂಡದ ಪುಸ್ತಕ ಬಂತು. 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಹುಟ್ಟಿತು, ಮರುವರ್ಷವೇ ತನ್ನ ಮಾನದಂಡ ಪ್ರಕಟಿಸಿತು. 'ಸ್ಟ್ಯಾಂಡರ್ಡ್ ಆಫ್ ಪರ್ಫೆಕ್ಷನ್' ಎಂಬ ಹೆಸರಿನಲ್ಲಿ ಆ ಗ್ರಂಥ ಇಂದಿಗೂ ಪರಿಷ್ಕರಣೆಯಾಗುತ್ತಾ ಬಂದಿದೆ. ತಿಳಿ ಬಣ್ಣದ ಬ್ರಹ್ಮ ಹುಂಜ 12 ಪೌಂಡ್, ಅಂದರೆ ಸುಮಾರು 5.4 ಕಿಲೋ ತೂಗಬೇಕು, ಪಟ್ಟೆ ಗರಿಯ ಪ್ಲಿಮತ್ ರಾಕ್ ಹುಂಜ 9½ ಪೌಂಡ್, ಹೇಂಟೆ 7½ ಪೌಂಡ್ ಇರಬೇಕು ಎಂಬಷ್ಟು ಖಚಿತವಾಗಿ ಅದು ಮಾತಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ದಾಖಲೆಯ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ತೀರ್ಪುಗಾರರು ಪ್ರತಿ ಹಕ್ಕಿಗೂ ಅಂಕಪಟ್ಟಿ ಬರೆಯುತ್ತಿದ್ದರು. ನೂರಕ್ಕೆ ಇಷ್ಟು ಎಂದು. ಜುಟ್ಟಿಗೆ ಅರ್ಧ ಅಂಕ ಕಡಿತ, ಬೆನ್ನಿಗೆ ಒಂದು, ರೆಕ್ಕೆಗೆ ಒಂದೂವರೆ. ಅಂಕಪಟ್ಟಿ ಕೈಗೆ ಬಂದರೆ ತಪ್ಪು ಎಲ್ಲಿ, ಎಷ್ಟು ಎಂದು ಒಡೆಯನಿಗೆ ತಿಳಿಯುತ್ತಿತ್ತು. ಹಕ್ಕಿಗಳ ಸಂಖ್ಯೆ ಏರಿದಂತೆ ಅಷ್ಟು ಹೊತ್ತು ಕೊಡಲಾಗದೆ, ಒಂದರ ಪಕ್ಕ ಒಂದಿಟ್ಟು ಹೋಲಿಸಿ ಸ್ಥಾನ ಕೊಡುವ ಪದ್ಧತಿ ಮೇಲುಗೈ ಪಡೆಯಿತು. ಈಗ ಅದೇ ರೂಢಿ. ಹೋಲಿಕೆಯ ತೀರ್ಪು ಚುರುಕು, ಆದರೆ ಮಿತಭಾಷಿ. ಮೊದಲು, ಎರಡು, ಮೂರು ಎಂದಷ್ಟೇ ಹೇಳಿ ಮುಂದಿನ ಗೂಡಿಗೆ ಹೋಗುತ್ತದೆ. ಯಾಕೆ ಎಂಬುದನ್ನು ಹಿಡಿದಿಡುವ ಹೊಣೆ ತೀರ್ಪುಗಾರರ ಕೈಯಿಂದ ಸಾಕುವವರ ಕೈಗೆ ದಾಟಿದೆ. ಎಷ್ಟೋ ಮಂದಿ ಆ ಹೊಣೆಯನ್ನು ಹೊರದೆಯೇ ಬಿಟ್ಟಿದ್ದಾರೆ.

ಒಂದೇ ಹಕ್ಕಿ ಇದ್ದಾಗ ಮೊದಲ ಬಹುಮಾನ

ಫಲಿತಾಂಶ ಬರೆದಿಡುವವರು ಸಾಮಾನ್ಯವಾಗಿ ಬರೆಯುವುದು ಸ್ಥಾನವನ್ನು ಮಾತ್ರ. ಮೊದಲನೆಯದು, ಇಂಥ ಊರು, ಇಂಥ ತಾರೀಕು. ಎಷ್ಟು ಹಕ್ಕಿಗಳಲ್ಲಿ ಮೊದಲನೆಯದು? ಅಪರೂಪದ ತಳಿಗಳಲ್ಲಿ ಒಂದು ತರಗತಿಗೆ ಒಂದೇ ಹಕ್ಕಿ ಬಂದಿರುವುದು ಸಾಮಾನ್ಯ, ಮೊದಲ ರಿಬ್ಬನ್ನು ತಾನಾಗಿಯೇ ಅದಕ್ಕೆ ಸಿಗುತ್ತದೆ. ಇನ್ನೊಂದು ಊರಿನಲ್ಲಿ ಇಪ್ಪತ್ತೆರಡು ಎಳೆ ಹುಂಜಗಳ ನಡುವೆ ನಾಲ್ಕನೆಯದಾದ ಹಕ್ಕಿ ಇದಕ್ಕಿಂತ ಎಷ್ಟೋ ಮೇಲು. ಹಾಗಾಗಿ ಸ್ಥಾನದ ಪಕ್ಕದಲ್ಲಿ ಎರಡು ಅಂಕಿಗಳು ಇರಲೇಬೇಕು: ತರಗತಿಯಲ್ಲಿದ್ದ ಹಕ್ಕಿಗಳೆಷ್ಟು, ಅವನ್ನು ತಂದ ಮಂದಿ ಎಷ್ಟು. ಒಬ್ಬರೇ ಹತ್ತು ಹಕ್ಕಿ ತಂದು ಹತ್ತರಲ್ಲೂ ತಮ್ಮನ್ನೇ ಸೋಲಿಸಿಕೊಂಡಿದ್ದರೆ ಅದೂ ಗೊತ್ತಾಗಬೇಕು.

ತರಗತಿ ಎಂದರೆ ಏನು ಎಂದೂ ಹೇಳಬೇಕು. ಒಂದು ತಳಿಯ ಒಂದು ಬಣ್ಣದಲ್ಲಿ ನಾಲ್ಕು ತರಗತಿಗಳಿರುತ್ತವೆ: ವರ್ಷ ದಾಟಿದ ಹುಂಜ, ವರ್ಷ ದಾಟಿದ ಹೇಂಟೆ, ವರ್ಷದೊಳಗಿನ ಎಳೆ ಹುಂಜ, ಎಳೆ ಹೇಂಟೆ. ಇವುಗಳಿಂದ ಆ ಬಣ್ಣದ ಅತ್ಯುತ್ತಮ, ಬಣ್ಣಗಳಿಂದ ತಳಿಯ ಅತ್ಯುತ್ತಮ, ತಳಿಗಳಿಂದ ಗುಂಪಿನ ಚಾಂಪಿಯನ್, ಕೊನೆಗೆ ಇಡೀ ಪ್ರದರ್ಶನದ ಚಾಂಪಿಯನ್. ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಆಟದಲ್ಲಿ ಹಕ್ಕಿ ಯಾವ ಮೆಟ್ಟಿಲಲ್ಲಿ ನಿಂತಿತು, ಯಾವುದರೆದುರು ನಿಂತಿತು ಎಂಬುದು ತುಂಬ ಹೇಳುತ್ತದೆ.

ಒಂದು ಪುಟ ಹೀಗಿದ್ದೀತು ಎಂದು ಊಹಿಸಿಕೊಳ್ಳಿ. ಉಂಗುರ 27. ಪಟ್ಟೆ ಪ್ಲಿಮತ್ ರಾಕ್, ಎಳೆ ಹುಂಜ, ಮಾರ್ಚ್ ಎರಡನೇ ವಾರದ ಪಿಳ್ಳೆ, ಎರಡನೇ ದೊಡ್ಡಿಯದು. ತರಗತಿಯಲ್ಲಿ 11 ಹಕ್ಕಿ, 4 ಮಂದಿ. ಸ್ಥಾನ 3. ತೂಕ 7 ಪೌಂಡ್ 4 ಔನ್ಸ್, ಬೇಕಾದದ್ದು 8. ತೀರ್ಪುಗಾರರ ಮಾತು: ಪಟ್ಟೆ ಚೆನ್ನಾಗಿದೆ, ಬಾಲ ತಗ್ಗು. ತೊಳೆದು ಮೂರು ದಿನ. ವ್ಯಾನಿನಲ್ಲಿ ಆರು ಗಂಟೆ ಪ್ರಯಾಣ, ನೀರು ಕುಡಿಯಲಿಲ್ಲ. ಬಾಲದ ಒಂದು ಕುಡುಗೋಲು ಗರಿ ಇನ್ನೂ ಪೂರ್ತಿ ಬೆಳೆದಿಲ್ಲ. ಮೊದಲ ಸ್ಥಾನದ ಹಕ್ಕಿಯ ಬೆನ್ನು ಇದಕ್ಕಿಂತ ಅಗಲ.

ಈ ಪುಟದಲ್ಲಿ ಅತಿ ಮುಖ್ಯವಾದ ಸಾಲು ಕೊನೆಯದು. ಗೆದ್ದ ಹಕ್ಕಿಯ ಗೂಡಿನ ಮುಂದೆ ಐದು ನಿಮಿಷ ನಿಂತು ನೋಡಿ ಬರೆದ ಸಾಲು ಅದು. ಸೋತ ಬೇಸರದಲ್ಲಿ ಆ ಗೂಡಿನತ್ತ ತಿರುಗಿಯೂ ನೋಡದೆ ಹೋಗುವವರು ಆ ದಿನದ ಪಾಠವನ್ನು ಅಲ್ಲೇ ಬಿಟ್ಟು ಬರುತ್ತಾರೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ತೀರ್ಪು ಶುರುವಾಗುವ ಮೊದಲೇ ತಾವೇ ಸಾಲನ್ನೆಲ್ಲ ನೋಡಿ ಸ್ಥಾನ ಕೊಟ್ಟು ಬರೆದುಕೊಳ್ಳುವ ಅಭ್ಯಾಸ ತುಂಬ ಒಳ್ಳೆಯದು. ಆಮೇಲೆ ತೀರ್ಪಿನ ಜೊತೆ ಹೋಲಿಸಬಹುದು. ಎಲ್ಲಿ ತಾಳೆ ಬಂತು, ಎಲ್ಲಿ ತಪ್ಪಿತು? ತನ್ನ ಮನೆಯ ಕೋಳಿಯ ಮೇಲೆ ಎಲ್ಲರಿಗೂ ಇರುವ ಮೋಹ ಈ ತಾಳೆಪಟ್ಟಿಯಲ್ಲಿ ಬಯಲಾಗುತ್ತದೆ, ಕಣ್ಣು ಪಳಗುತ್ತದೆ.

ತೀರ್ಪುಗಾರರ ಹೆಸರನ್ನೂ ಬರೆಯಬೇಕು. ಒಬ್ಬರಿಗೆ ಮೈಕಟ್ಟು ಮುಖ್ಯ, ಇನ್ನೊಬ್ಬರಿಗೆ ಬಣ್ಣ. ಒಬ್ಬರು ಮೊದಲ ಸ್ಥಾನ ಕೊಟ್ಟ ಹಕ್ಕಿಯನ್ನು ಇನ್ನೊಬ್ಬರು ಐದನೆಯದಕ್ಕೆ ಇಳಿಸಿದರೆ ಅದರಲ್ಲಿ ಅನ್ಯಾಯ ಹುಡುಕುವ ಅಗತ್ಯವಿಲ್ಲ. ಆದರೆ ನಾಲ್ಕು ಊರುಗಳ ನಾಲ್ಕು ಮಂದಿ ಬೇರೆ ಬೇರೆ ಪೆನ್ಸಿಲ್ಲಿನಲ್ಲಿ 'ಬಾಲ ತಗ್ಗು' ಎಂದೇ ಬರೆದಿದ್ದರೆ ಬಾಲ ನಿಜವಾಗಿಯೂ ತಗ್ಗು. ನೆನಪು ಈ ಲೆಕ್ಕವನ್ನು ಹಿಡಿದಿಡಲಾರದು. ಮನಸ್ಸು ಹೊಗಳಿಕೆಯನ್ನು ಉಳಿಸಿಕೊಂಡು ಟೀಕೆಯನ್ನು ಒಂದು ಚಳಿಗಾಲದೊಳಗೆ ಮರೆತುಬಿಡುತ್ತದೆ. ಆದ್ದರಿಂದಲೇ ಸೋಲುಗಳನ್ನೂ, ಅನರ್ಹಗೊಂಡದ್ದನ್ನೂ, ಗೂಡಿನಲ್ಲೇ ಉಳಿದು ಯಾರೂ ಗಮನಿಸದ ಹಕ್ಕಿಯನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಬಿಡುಗಡೆಗೆ ಮೊದಲು ಚೀಟಿಯ ಒಂದು ಫೋಟೊ, ಹಕ್ಕಿಯದು ಪಕ್ಕದಿಂದ ಒಂದು ಫೋಟೊ ತೆಗೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಅದೇ ರಾತ್ರಿ ಪುಸ್ತಕಕ್ಕೆ ಇಳಿಸಬೇಕು.

ಬೆರಳಂಚಿನ ಹದಿನಾರು ಗುರುತು

ಪ್ರದರ್ಶನದ ಪುಸ್ತಕ ಮೊಟ್ಟೆಯ ಪುಸ್ತಕಕ್ಕೆ ಕೊಂಡಿಯಾಗದಿದ್ದರೆ ಅದು ಬರೀ ಹೊಗಳಿಕೆಯ ಪಟ್ಟಿ. ಯಾವ ಜೋಡಿಯ ಪಿಳ್ಳೆ ಎಂದು ಗೊತ್ತಿಲ್ಲದ ಹಕ್ಕಿ ಎಷ್ಟು ಗೆದ್ದರೂ ಅದರ ತಾಯಿಗೆ ಸಲ್ಲಬೇಕಾದ ಶ್ರೇಯ ಸಲ್ಲುವುದಿಲ್ಲ. ಇದಕ್ಕೆ ಹಳಬರು ಕಂಡುಕೊಂಡ ಉಪಾಯ ಸರಳ. ಪಿಳ್ಳೆ ಮೊಟ್ಟೆಯೊಡೆದು ಹೊರಬಂದ ಒಂದೆರಡು ದಿನದಲ್ಲೇ, ಕಾಲ್ಬೆರಳುಗಳ ನಡುವಿನ ತೆಳು ಪೊರೆಗೆ ಸಣ್ಣದೊಂದು ತೂತು ಹಾಕುವುದು. ಒಂದು ಕಾಲಿಗೆ ಎರಡು ಪೊರೆ, ಎರಡು ಕಾಲಿಗೆ ನಾಲ್ಕು. ಪ್ರತಿಯೊಂದರಲ್ಲೂ ತೂತು ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕಿದರೆ ಹದಿನಾರು ಬಗೆಯ ಗುರುತು. ಹದಿನಾರು ದೊಡ್ಡಿಗಳ ಪಿಳ್ಳೆಗಳು ಒಂದೇ ಕಾವುಪೆಟ್ಟಿಗೆಯಡಿ ಬೆರೆತು ಓಡಾಡಿದರೂ ದೊಡ್ಡವಾದ ಮೇಲೆ ಕಾಲೆತ್ತಿ ನೋಡಿದರೆ ಯಾವ ಮನೆತನ ಎಂದು ಹೇಳಬಹುದು. ಬೆಳೆದ ಮೇಲೆ ಸಂಖ್ಯೆಯ ಉಂಗುರ. ಆದರೆ ಯಾವ ತೂತು ಯಾವ ಜೋಡಿಗೆ ಎಂದು ಬರೆದಿಟ್ಟ ಹಾಳೆ ಕಳೆದರೆ ಹದಿನಾರು ಗುರುತೂ ಬರೀ ತೂತುಗಳೇ.

ಪಟ್ಟೆ ಪ್ಲಿಮತ್ ರಾಕ್ ಸಾಕುವವರಿಗೆ ಈ ಪುಸ್ತಕವಿಲ್ಲದೆ ಬದುಕಿಲ್ಲ. ಪಟ್ಟೆ ಮೂಡಿಸುವ ಜೀನು ಲಿಂಗ ವರ್ಣತಂತುವಿನ ಮೇಲಿದೆ. ಹುಂಜಕ್ಕೆ ಅಂಥ ವರ್ಣತಂತು ಎರಡು, ಹೇಂಟೆಗೆ ಒಂದೇ. ಎರಡು ಪಾಲು ಪಡೆದ ಹುಂಜದ ಬಿಳಿಪಟ್ಟೆ ಅಗಲವಾಗಿ ಮೈ ತಿಳಿಯಾಗುತ್ತದೆ, ಹೇಂಟೆ ಕಪ್ಪಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಮಾತ್ರ ಎರಡೂ ಒಂದೇ ಛಾಯೆಯಲ್ಲಿ ಕಾಣಬೇಕೆಂದು ಬಯಸುತ್ತಾರೆ. ಆದ್ದರಿಂದ ಹಳೆಯ ಕಾಲದಿಂದಲೂ ಒಳ್ಳೆಯ ಹುಂಜ ಕೊಡುವ ದೊಡ್ಡಿ ಬೇರೆ, ಒಳ್ಳೆಯ ಹೇಂಟೆ ಕೊಡುವ ದೊಡ್ಡಿ ಬೇರೆ ಎಂದು ಎರಡು ವಂಶಗಳನ್ನು ಸಮಾನಾಂತರವಾಗಿ ನಡೆಸುವ ರೂಢಿ ಬಂತು. ಹುಂಜದ ವಂಶದ ಹೇಂಟೆ ಪ್ರದರ್ಶನದಲ್ಲಿ ಗೆಲ್ಲುವುದು ಕಷ್ಟ, ಆದರೆ ಗೆಲ್ಲುವ ಹುಂಜಗಳ ತಾಯಿ ಅದೇ. ಪುಸ್ತಕ ನೋಡದೆ ಬರೀ ಕಣ್ಣಂದಾಜಿನಲ್ಲಿ ಅದನ್ನು ಮಾರಿಬಿಟ್ಟರೆ ಹತ್ತು ವರ್ಷದ ದುಡಿಮೆ ಒಂದೇ ಸಂತೆಯಲ್ಲಿ ಕೈಬಿಟ್ಟಂತೆ.

ಕೋಳಿಯ ಜುಟ್ಟನ್ನು ಎಣಿಸಿ ಬರೆದಿಟ್ಟದ್ದರಿಂದ ವಿಜ್ಞಾನಕ್ಕೇ ಒಂದು ಬಾಗಿಲು ತೆರೆದದ್ದುಂಟು. ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಗುಲಾಬಿ ಜುಟ್ಟು, ಬಟಾಣಿ ಜುಟ್ಟು, ಒಂಟಿ ಜುಟ್ಟುಗಳ ಕೋಳಿಗಳನ್ನು ಕೂಡಿಸಿ, ಹುಟ್ಟಿದ ಪಿಳ್ಳೆಗಳ ಲೆಕ್ಕ ಇಟ್ಟರು. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಪ್ರಾಣಿಗಳಲ್ಲೂ ನಡೆಯುತ್ತದೆ ಎಂದು 1902ರಲ್ಲಿ ಅವರು ತೋರಿಸಿಕೊಟ್ಟದ್ದು ಈ ಕೋಳಿಗಳಿಂದಲೇ. ಗುಲಾಬಿ ಜುಟ್ಟಿಗೂ ಬಟಾಣಿ ಜುಟ್ಟಿಗೂ ಹುಟ್ಟಿದವು ಅಕ್ರೋಟ್ ಕಾಯಿಯಂಥ ಜುಟ್ಟಿನವು, ಅವುಗಳ ಮುಂದಿನ ಪೀಳಿಗೆಯಲ್ಲಿ 9:3:3:1ರ ಅನುಪಾತ. ಜೀವಶಾಸ್ತ್ರ ಓದಿದವರಿಗೆ ಇದು ನೆನಪಿದ್ದೀತು. ಚೆನ್ನಾದ ಪಿಳ್ಳೆಗಳನ್ನಷ್ಟೇ ಎಣಿಸಿ ಉಳಿದದ್ದನ್ನು ಬಿಟ್ಟಿದ್ದರೆ ಆ ಅನುಪಾತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದೇ ಗುಲಾಬಿ ಜುಟ್ಟು ವಯನ್‌ಡಾಟ್ ತಳಿ ಸಾಕುವವರಿಗೆ ಇನ್ನೊಂದು ಪಾಠ ಕಲಿಸಿದೆ. ಆ ತಳಿಯಲ್ಲಿ ಆಗಾಗ ಒಂಟಿ ಜುಟ್ಟಿನ ಪಿಳ್ಳೆ ಹುಟ್ಟುತ್ತದೆ, ಪ್ರದರ್ಶನಕ್ಕೆ ಅದು ಅನರ್ಹ. ಹಾಗೆ ಹುಟ್ಟಿಸಿದ ಹುಂಜಗಳನ್ನೆಲ್ಲ ತೆಗೆದುಹಾಕಿ, ಗುಲಾಬಿ ಜುಟ್ಟಿನ ಎರಡೂ ಪಾಲು ಹೊತ್ತ ಹುಂಜಗಳನ್ನೇ ಉಳಿಸಿಕೊಂಡರೆ ಮೊಟ್ಟೆಗಳಲ್ಲಿ ಫಲ ನಿಲ್ಲುವುದು ಕಡಿಮೆಯಾಗುತ್ತದೆ. ಆ ಜೀನಿನ ಜೋಡಿ ಹುಂಜದ ವೀರ್ಯಾಣುವಿನ ಚಲನೆಯನ್ನು ಕುಗ್ಗಿಸುತ್ತದೆ ಎಂದು ಸಂಶೋಧಕರು ಈಗ ಕಂಡುಕೊಂಡಿದ್ದಾರೆ. ಇಟ್ಟ ಮೊಟ್ಟೆ ಎಷ್ಟು, ಫಲಿತವಾದದ್ದು ಎಷ್ಟು, ಹೊರಬಂದದ್ದು ಎಷ್ಟು ಎಂದು ಬರೆದವರಿಗೆ ಮಾತ್ರ ಈ ನಷ್ಟ ಸಮಯಕ್ಕೆ ಕಾಣುತ್ತದೆ. ಮೇಜಿನ ಮೇಲೆ ಚಾಂಪಿಯನ್ ಆದ ಹುಂಜ ದೊಡ್ಡಿಯಲ್ಲಿ ಬರಡಾಗಿರಬಹುದು. ಎರಡು ಪುಸ್ತಕ ಒಂದರ ಪಕ್ಕ ಒಂದಿಟ್ಟಾಗಲೇ ಅದು ತಿಳಿಯುವುದು.

ಪುಸ್ತಕ ಸಾಕ್ಷಿ ಹೇಳುವಾಗ

ಮನೆಯ ಪುಸ್ತಕ ಮನೆಯಲ್ಲೇ ಉಳಿಯುವುದಿಲ್ಲ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ನು ಹೊಸ ತಳಿಗೋ ಬಣ್ಣಕ್ಕೋ ಮಾನ್ಯತೆ ಕೊಡುವುದು ದಾಖಲೆ ನೋಡಿಯೇ. ಕನಿಷ್ಠ ಐದು ಮಂದಿ ಐದು ವರ್ಷ ಅದನ್ನು ಬೆಳೆಸಿ, ಪಿಳ್ಳೆಗಳು ತಂದೆತಾಯಿಯಂತೆಯೇ ಬರುತ್ತಿವೆ ಎಂದು ಬರೆದುಕೊಡಬೇಕು. ನಾಲ್ಕೂ ತರಗತಿಗಳ ಹಕ್ಕಿಗಳನ್ನು ಎರಡು ವರ್ಷ ಪ್ರದರ್ಶನಗಳಲ್ಲಿ ಇಟ್ಟಿರಬೇಕು. ಕೊನೆಗೆ ಕನಿಷ್ಠ 50 ಹಕ್ಕಿಗಳ ಅರ್ಹತಾ ಮೇಳ. ಫಲಿತಾಂಶದ ಹಾಳೆಗಳನ್ನು ಜೋಪಾನ ಮಾಡದವರಿಗೆ ಈ ಹಾದಿ ಮೊದಲ ಹೆಜ್ಜೆಗೇ ಮುಚ್ಚಿಹೋಗುತ್ತದೆ. ವರ್ಷಗಳ ಗೆಲುವನ್ನು ಅಂಕಗಳಾಗಿ ಕೂಡಿಸಿ 'ಮಾಸ್ಟರ್ ಎಗ್ಸಿಬಿಟರ್' ಎಂಬ ಬಿರುದು ಕೊಡುವ ಪದ್ಧತಿಯೂ ಇದೆ. ನೂರಾರು ಗೂಡುಗಳ ಸಾಲಿನಲ್ಲಿ ಗುಮಾಸ್ತೆಯ ಪೆನ್ನು ಒಂದು ಅಂಕಿ ತಪ್ಪುವುದು ಸಹಜ. ಚೀಟಿಯ ಮೇಲಿದ್ದದ್ದು ವರದಿಗೆ ಬಂದಿದೆಯೇ ಎಂದು ಹೊರಡುವ ಮೊದಲೇ ತಾಳೆ ನೋಡಿದರೆ ಅಲ್ಲೇ ಸರಿಯಾಗುತ್ತದೆ. ಆರು ತಿಂಗಳ ನಂತರ ವಾದಿಸಲು ಕೈಯಲ್ಲಿ ಕಾಗದ ಬೇಕು.

ರೋಗದ ಮಾತು ಇನ್ನೂ ಗಂಭೀರ. ಪುಲ್ಲೋರಮ್ ಎಂಬ ಬಿಳಿಭೇದಿ ರೋಗ ತಡೆಯಲು 1935ರಲ್ಲಿ ಶುರುವಾದ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆಯ ಪ್ರಮಾಣಪತ್ರವನ್ನೋ ರಕ್ತಪರೀಕ್ಷೆಯನ್ನೋ ಅಮೆರಿಕದ ಪ್ರದರ್ಶನಗಳು ಬಾಗಿಲಲ್ಲೇ ಕೇಳುತ್ತವೆ. 2015ರಲ್ಲಿ ಹಕ್ಕಿಜ್ವರ ಬಡಿದಾಗ ಅಲ್ಲಿ ಐದು ಕೋಟಿಯಷ್ಟು ಕೋಳಿಗಳು, ಟರ್ಕಿಗಳು ಹೋದವು. ಓಹಾಯೊ, ಮಿನಸೋಟ, ಅಯೋವ ರಾಜ್ಯಗಳು ಆ ವರ್ಷ ಜಾತ್ರೆಗಳಲ್ಲಿ ಜೀವಂತ ಹಕ್ಕಿಗಳ ಪ್ರದರ್ಶನವನ್ನೇ ರದ್ದುಮಾಡಿದವು. ಹಕ್ಕಿ ಯಾವ ತಾರೀಕು ಯಾವ ಊರಿಗೆ ಹೋಗಿತ್ತು, ಪಕ್ಕದ ಗೂಡಿನಲ್ಲಿ ಏನಿತ್ತು, ಮನೆಗೆ ಬಂದ ಮೇಲೆ ಎಷ್ಟು ದಿನ ಬೇರೆ ಇಡಲಾಗಿತ್ತು ಎಂದು ಬರೆದಿಟ್ಟವರು ಪಶುವೈದ್ಯರು ಕೇಳಿದ ಕ್ಷಣಕ್ಕೆ ಉತ್ತರ ಕೊಡಬಲ್ಲರು.

ಈ ಅಭ್ಯಾಸ ಎಳವೆಯಲ್ಲೇ ಬರಲೆಂದು ಅಲ್ಲಿನ 4-ಎಚ್ ಎಂಬ ಯುವ ಸಂಘಗಳು ಕೋಳಿ ಸಾಕುವ ಮಕ್ಕಳಿಗೆ ಒಂದು ದಾಖಲೆ ಪುಸ್ತಕ ಕೊಡುತ್ತವೆ. ಮೇವಿನ ಖರ್ಚು, ಮೊಟ್ಟೆ, ಕಾಯಿಲೆ, ಪ್ರದರ್ಶನದ ಫಲ ಎಲ್ಲವನ್ನೂ ಮಗು ತನ್ನ ಕೈಯಲ್ಲೇ ಬರೆಯಬೇಕು.

ನಮ್ಮ ಕಡೆ ಕಣ್ಣಿನ ಪಳಗಿಕೆಗೆ ಕೊರತೆಯಿಲ್ಲ. ತುಳುನಾಡಿನಲ್ಲಿ ಹುಂಜದ ಬಣ್ಣಕ್ಕೆ ಬೊಳ್ಳೆ, ಕಾವೆ, ಕೆಮ್ಮೈರೆ, ಉರಿಯೆ ಎಂದು ಒಂದೊಂದಕ್ಕೂ ಹೆಸರಿದೆ, ಅಂಕದಲ್ಲಿ ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂದು ಹೇಳುವ 'ಕುಕ್ಕುಟ ಪಂಚಾಂಗ'ವೇ ಇದೆ. ನಮ್ಮ ಅಸೀಲ್ ಕೋಳಿ ಇಂಗ್ಲೆಂಡಿನ ಕಾರ್ನ್‌ವಾಲಿಗೆ ಹೋಗಿ 'ಇಂಡಿಯನ್ ಗೇಮ್' ತಳಿಗೆ ರಕ್ತ ಕೊಟ್ಟಿತು. ಅದೇ ಕಾರ್ನಿಷ್ ಎಂದಾಗಿ ಇಂದಿನ ಬ್ರಾಯ್ಲರ್ ಕೋಳಿಯ ತಂದೆಯ ಕಡೆಯ ಮೂಲವಾಯಿತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶೀ ತಳಿಗಳನ್ನು ನೋಂದಾಯಿಸುತ್ತದೆ, ಅಸೀಲ್ ಆ ಪಟ್ಟಿಯಲ್ಲಿದೆ. ತಮಿಳುನಾಡಿನ ದಿಂಡಿಗಲ್ ಭಾಗದಲ್ಲಿ ಗಿಣಿಕೊಕ್ಕಿನ, ಉದ್ದ ಬಾಲದ ಅಸೀಲ್‌ಗಳ ಪ್ರದರ್ಶನ ನಡೆಯುತ್ತದೆ. ರಕ್ತ ಹರಿಯದೆ, ಹುಂಜದ ಚೆಲುವಿಗೆ ಬಹುಮಾನ ಕೊಡುವ ಮೇಳ ಅದು. ಕರ್ನಾಟಕದಲ್ಲಿ ಅಸೀಲ್ ಸಾಕುವವರು ಇಂಥ ಮೇಳಕ್ಕೆ ಹಕ್ಕಿ ಒಯ್ಯುವುದಾದರೆ, ಅದಕ್ಕೂ ಮೊದಲು ಒಂದು ಕೆಲಸ ಮಾಡಬೇಕು. ಮುಂದಿನ ಸಲ ಹೇಂಟೆಯನ್ನು ಕಾವಿಗೆ ಕೂರಿಸುವ ದಿನ ನೂರು ಪುಟದ ಒಂದು ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ತಾರೀಕು, ಹುಂಜದ ಉಂಗುರ, ಹೇಂಟೆಯ ಉಂಗುರ, ಇಟ್ಟ ಮೊಟ್ಟೆಗಳ ಸಂಖ್ಯೆ ಬರೆಯಿರಿ.